ದುಂಡು ದಪ್ಪ ಅಕ್ಷರಕ್ಕೆ ತಕ್ಕ ಜಾಗ

ಮಂಡ್ಯದಲ್ಲಿ ಫಲಕ, ಲೇಬಲ್, ಕರಪತ್ರಗಳ ವಿನ್ಯಾಸ ಮಾಡುವುದು ನನ್ನ ಕಸುಬು. ನನ್ನ ಮೇಜಿನ ಎದುರು ಕುಳಿತವರು ಅತಿ ಹೆಚ್ಚು ಸಲ ಹೇಳಿರುವ ಮಾತು ಒಂದೇ: "ಅಕ್ಷರ ಇನ್ನೂ ಸ್ವಲ್ಪ ದಪ್ಪ ಮಾಡಿ ಸಾರ್." ಮೊದಮೊದಲು ನಾನು ಮಾಡಿಬಿಡುತ್ತಿದ್ದೆ. ಕೇಳಿದವರಿಗೆ ಸಂತೋಷ, ನನಗೂ ಕೆಲಸ ಮುಗಿದ ನೆಮ್ಮದಿ. ಒಂದು ದಿನ ವಿದ್ಯಾರ್ಥಿಗಳಿಗೆ ಧನಸಹಾಯ ವಿತರಿಸುವ ಸಮಾರಂಭಕ್ಕೆ ಹದಿನೈದು ಅಡಿ ಉದ್ದದ ಬ್ಯಾನರ್ ಮಾಡಿಕೊಟ್ಟೆ. ಅತಿ ದಪ್ಪದ ಅಕ್ಷರ, ಅದರ ಸುತ್ತ ಬಿಳಿ ಅಂಚು, ಹಿಂದೆ ಕಪ್ಪು ನೆರಳು. ವೇದಿಕೆಯ ಮೇಲೆ ಕಟ್ಟಿದ ಮೇಲೆ ದೂರದಿಂದ ನೋಡಿದರೆ ಅಲ್ಲಿ ಇದ್ದದ್ದು 'ದನಸಹಾಯ'. ಧಕಾರದ ಹೊಟ್ಟೆ ಸೀಳುವ ಆ ಪುಟ್ಟ ಗೆರೆಯನ್ನು ದಪ್ಪ ನುಂಗಿಹಾಕಿತ್ತು. ಅಂದು ಆ ಮಕ್ಕಳ ತಂದೆತಾಯಿಯರು ಅದನ್ನು ಓದಿ ಮುಖ ಮುಖ ನೋಡಿಕೊಂಡದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಅಲ್ಲಿಂದೀಚೆಗೆ ದಪ್ಪ ಅಕ್ಷರವನ್ನು ಕೈಗೆತ್ತಿಕೊಳ್ಳುವಾಗ ನಾನು ನೋಡುವುದು ಅಕ್ಷರದ ಗೆರೆಯನ್ನಲ್ಲ, ಗೆರೆಗಳ ನಡುವಿನ ಬಯಲನ್ನು. ಕನ್ನಡದ ಅಕ್ಷರವನ್ನು ಕಣ್ಣು ಗುರುತು ಹಿಡಿಯುವುದು ಅದರ ಹೊಟ್ಟೆಯೊಳಗಿನ ಖಾಲಿ ಜಾಗದಿಂದ, ಆ ಜಾಗದಲ್ಲಿರುವ ಚುಕ್ಕೆಯಿಂದ, ಸೀಳಿನಿಂದ. ಗೆರೆ ದಪ್ಪವಾದಷ್ಟೂ ಬಯಲು ಕಿರಿದಾಗುತ್ತದೆ. ದುಂಡು ದಪ್ಪ ಅಕ್ಷರವನ್ನು ಎಲ್ಲಿ ಬಳಸಬೇಕು, ಎಷ್ಟು ಬಳಸಬೇಕು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಈ ಬಯಲಿಗೇ ಬಂದು ನಿಲ್ಲುತ್ತವೆ. ಅಂಗಡಿಯ ಫಲಕ, ಮನೆಯಲ್ಲಿ ಮಾಡಿ ಮಾರುವ ತಿಂಡಿಯ ಲೇಬಲ್, ಶಾಲೆಯ ವಾರ್ಷಿಕೋತ್ಸವದ ಪೋಸ್ಟರ್ ಮಾಡುವವರಿಗೆ ನೆರವಾಗಲೆಂದು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಇತ್ತೀಚೆಗೆ ಮಾಡಿದ ಒಂದು ಬೆಲ್ಲದ ಲೇಬಲ್ಲನ್ನು ಜೊತೆಗಿಟ್ಟುಕೊಂಡಿದ್ದೇನೆ. ಅದರ ಮೇಲೆ ಇರಬೇಕಾದದ್ದು ಎರಡೇ ಪದ: ಅಚ್ಚು ಬೆಲ್ಲ.

ಅಕ್ಷರದ ಪರಿಚಯ

ದುಂಡು ದಪ್ಪ ಅಕ್ಷರ ಎಂದಾಗ ಕನ್ನಡದಲ್ಲಿ ಸುಲಭವಾಗಿ ಸಿಗುವುದು 'ಬಾಲೂ ತಮ್ಮ'. ಮುಂಬಯಿಯ 'ಏಕ್ ಟೈಪ್' ತಂಡದವರು ರೂಪಿಸಿದ ಬಾಲೂ ಎಂಬ ದೊಡ್ಡ ಕುಟುಂಬದ ಕನ್ನಡ ಸದಸ್ಯ ಇದು. ಹಿಂದಿಯಲ್ಲಿ ಭಾಲೂ ಎಂದರೆ ಕರಡಿ. ಹೆಸರಿಗೆ ತಕ್ಕಂತೆ ಮೈ ತುಂಬಿಕೊಂಡ, ಮೂಲೆಗಳು ಮೃದುವಾದ ಅಕ್ಷರ. ಭಾರತದ ಒಂಬತ್ತು ಲಿಪಿಗಳಲ್ಲಿ ಮೂಡಿದ ಈ ಕುಟುಂಬದಲ್ಲಿ ಹಲವು ಭಾಷೆಗಳವರಿಗೆ ಅವರವರ ಅಣ್ಣ ತಮ್ಮಂದಿರ ಹೆಸರಿಟ್ಟಿದ್ದಾರೆ: ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಮಲಯಾಳಕ್ಕೆ ಚೇಟ್ಟನ್, ಬಂಗಾಳಿಗೆ ದಾ. ನಮ್ಮ ಪಾಲಿಗೆ ಬಂದದ್ದು ತಮ್ಮ. ಮೊದಲ ಆವೃತ್ತಿಯಲ್ಲಿ ಒಂದೇ ದಪ್ಪವಿತ್ತು. 'ಬಾಲೂ ತಮ್ಮ 2' ಎಂಬ ಈಗಿನ ಆವೃತ್ತಿಯಲ್ಲಿ 400ರಿಂದ 800ರವರೆಗೆ ಐದು ದಪ್ಪಗಳಿವೆ; ಅಂಕಿ ಹೆಚ್ಚಿದಷ್ಟೂ ಗೆರೆ ದಪ್ಪ. ಗೂಗಲ್ ಫಾಂಟ್ಸ್ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಮುಕ್ತ ಪರವಾನಗಿಯಡಿ ಇರುವುದರಿಂದ ಅಂಗಡಿ ಫಲಕಕ್ಕೂ ಮಾರುವ ಸರಕಿನ ಲೇಬಲ್ಲಿಗೂ ಹಣ ಕೊಡದೆ ಬಳಸಬಹುದು. ಫಾಂಟನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಅಷ್ಟೇ. ಎಲ್ಲಿಂದಲೋ ನಕಲು ಮಾಡಿಕೊಂಡ ಫಾಂಟ್ ಬಳಸಿ ಮುಂದೆ ತೊಂದರೆಗೆ ಸಿಕ್ಕಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಕನ್ನಡ ಲಿಪಿಯೇ ದುಂಡಗಿದೆಯಲ್ಲ, ಮತ್ತೆ 'ದುಂಡು ಅಕ್ಷರ' ಎಂದರೇನು ಎಂದು ಒಬ್ಬ ಕಾಲೇಜು ವಿದ್ಯಾರ್ಥಿನಿ ನನ್ನನ್ನು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಓಲೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ನೇರ ಗೆರೆ ನಾರಿನ ಗುಂಟ ಗರಿಯನ್ನು ಸೀಳುತ್ತದೆ, ಅದಕ್ಕಾಗಿಯೇ ನಮ್ಮ ಅಕ್ಷರಗಳು ಬಳುಕಿ ದುಂಡಗಾದವು ಎಂದು ಹಿರಿಯರು ಕಾರಣ ಹೇಳುತ್ತಾರೆ. ಹೀಗಾಗಿ ಇಂಗ್ಲಿಷಿನಲ್ಲಿ ದುಂಡು ಅಕ್ಷರ ಎಂದಾಗ ಕಾಣುವಷ್ಟು ದೊಡ್ಡ ವ್ಯತ್ಯಾಸ ಕನ್ನಡದಲ್ಲಿ ಕಾಣದು. ವ್ಯತ್ಯಾಸ ಇರುವುದು ಗೆರೆ ಮುಗಿಯುವ ತುದಿಯಲ್ಲಿ. ತಲಕಟ್ಟಿನ ಬಲತುದಿಯನ್ನು, ಕೊಂಬಿನ ಕೊನೆಯನ್ನು ಹತ್ತಿರದಿಂದ ನೋಡಿ. ಸಾಮಾನ್ಯ ಅಕ್ಷರದಲ್ಲಿ ಅಲ್ಲಿ ಕತ್ತರಿಸಿದಂಥ ಅಂಚು ಇರುತ್ತದೆ. ದುಂಡು ಅಕ್ಷರದಲ್ಲಿ ಅದು ಬೆರಳ ತುದಿಯಂತೆ ಮುಗಿಯುತ್ತದೆ. ಗೆರೆಯ ದಪ್ಪವೂ ಆರಂಭದಿಂದ ಕೊನೆಯವರೆಗೆ ಹೆಚ್ಚು ಏರಿಳಿಯುವುದಿಲ್ಲ. ಈ ಎರಡು ಗುಣಗಳಿಂದ ಅಕ್ಷರಕ್ಕೆ ನಗುವ ಮುಖ ಬರುತ್ತದೆ. ಆ ನಗು ಎಲ್ಲ ಕಡೆಗೂ ಒಪ್ಪುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಹೆಜ್ಜೆ 1: ಪದಗಳನ್ನು ಮೊದಲು ಕಾಗದದ ಮೇಲೆ ಬರೆಯಿರಿ

ಕಂಪ್ಯೂಟರ್ ತೆರೆಯುವ ಮೊದಲು ದಪ್ಪ ಅಕ್ಷರದಲ್ಲಿ ಬರಬೇಕಾದ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಲ್ಕಕ್ಕಿಂತ ಹೆಚ್ಚಿದ್ದರೆ ಕತ್ತರಿಸಿ. ನಾಲ್ಕು ಪದ ಮೀರಿದ ಮಾತನ್ನು ಈ ಅಕ್ಷರದಲ್ಲಿ ಹೇಳುವುದು ಕಿವಿಯ ಹತ್ತಿರ ಬಂದು ಕೂಗಿದಂತೆ. ಆಮೇಲೆ ಪ್ರತಿ ಪದದಲ್ಲೂ ಎಷ್ಟು ಒತ್ತಕ್ಷರಗಳಿವೆ, ಎಷ್ಟು ಮಹಾಪ್ರಾಣಗಳಿವೆ ಎಂದು ಎಣಿಸಿ ಗುರುತು ಹಾಕಿ. ದಪ್ಪ ಅಕ್ಷರ ಸೋಲುವುದು ಹೆಚ್ಚಾಗಿ ಈ ಎರಡು ಕಡೆ.

ಹೊಸ ಫಾಂಟ್ ಕೈಗೆ ಬಂದಾಗ ನಾನು ಮೊದಲು ಟೈಪ್ ಮಾಡಿ ನೋಡುವುದು ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. 'ನಾಗಮಂಗಲ' ಎಂಬಲ್ಲಿ ಒತ್ತಿಲ್ಲ, ಸೀಳಿಲ್ಲ. ಎಷ್ಟು ದಪ್ಪವಿದ್ದರೂ ತಡೆದುಕೊಳ್ಳುತ್ತದೆ. 'ಮಂಡ್ಯ'ದಲ್ಲಿ ಸೊನ್ನೆಯ ಒಳಗಿನ ಬಯಲು ಉಳಿದಿದೆಯೇ, ಯ ಒತ್ತು ಡಕಾರದ ಬುಡಕ್ಕೆ ಅಂಟಿಕೊಂಡಿದೆಯೇ ನೋಡಬೇಕು. 'ಮದ್ದೂರು' ಎಂಬಲ್ಲಿ ದ ಒತ್ತು ಕೆಳಗೆ, ಉದ್ದನೆಯ ಕೊಂಬು ಪಕ್ಕಕ್ಕೆ. ಎರಡೂ ಒಂದನ್ನೊಂದು ತಳ್ಳಬಾರದು. 'ಮಳವಳ್ಳಿ'ಯಲ್ಲಿ ಮ ಮತ್ತು ವ ನಡುವೆ ಇರುವುದು ಒಂದೇ ಳಕಾರ. ಅವೆರಡನ್ನೂ ಬೇರೆ ಮಾಡುವುದು ಬಲಗಡೆಯ ಸುರುಳಿ ಮಾತ್ರ. 'ಪಾಂಡವಪುರ' ಮೇಲ್ನೋಟಕ್ಕೆ ಸುಲಭ. ಆದರೆ ಪು ಎಂಬಲ್ಲಿ ಕೊಂಬು ಮೇಲಿನಿಂದಲ್ಲ, ಬುಡದಿಂದ ಹೊರಡುತ್ತದೆ. ಫಾಂಟ್ ಮಾಡಿದವರಿಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಉಳಿದ 'ಶ್ರೀರಂಗಪಟ್ಟಣ', 'ಕೃಷ್ಣರಾಜಪೇಟೆ' ಇವೆರಡೂ ಕಠಿಣ ಪರೀಕ್ಷೆ. ಶ್ರೀ, ಟ್ಟ, ಕೃ, ಷ್ಣ ಎಲ್ಲವೂ ಅಲ್ಲಿವೆ. ಇವೆರಡನ್ನು ಹತ್ತು ಹೆಜ್ಜೆ ದೂರದಿಂದ ಓದಲು ಬಂದರೆ ಆ ಫಾಂಟನ್ನು ನೆಚ್ಚಿಕೊಳ್ಳಬಹುದು.

ಇನ್ನೂ ಒಂದು ಪದವನ್ನು ಹತ್ತಿರದಿಂದ ತೋರಿಸಬೇಕು. ದಸರಾ ಬಂತೆಂದರೆ ಮೈಸೂರಿನ ಕುಪ್ಪಣ್ಣ ಉದ್ಯಾನದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. 'ಫಲಪುಷ್ಪ' ಎಂಬ ಪದವನ್ನು ಬಿಡಿಸಿ ನೋಡಿ. ಫ, ಪು, ಷ, ಕೊನೆಗೆ ಪ ಒತ್ತು. ನಾಲ್ಕೂ ಒಂದೇ ಮನೆಯ ಅಕ್ಷರಗಳು. ಪಕಾರದ ಬುಡ ಸೀಳಿದರೆ ಫ, ಪಕಾರದ ಒಳಗೆ ಗೆರೆ ಎಳೆದರೆ ಷ. ಲಕಾರವೊಂದು ನಡುವೆ ಬಂದು ಕಣ್ಣಿಗೆ ಸ್ವಲ್ಪ ಬಿಡುವು ಕೊಡುತ್ತದೆ. ಈ ಪದವನ್ನು 800ರ ದಪ್ಪದಲ್ಲಿಟ್ಟು ಚಿಕ್ಕದಾಗಿಸುತ್ತಾ ಹೋದರೆ ಮೊದಲು ಮುಚ್ಚುವುದು ಷಕಾರದ ಒಳಗೆರೆ, ಆಮೇಲೆ ಫಕಾರದ ಸೀಳು. ಕೊನೆಗೆ ಕಾಣುವುದು ಮೂರು ಪಕಾರಗಳ ಸಾಲು. ಇದೇ ಪದವನ್ನು 600ರಲ್ಲಿಟ್ಟರೆ ಅದೇ ಅಳತೆಯಲ್ಲಿ ಎಲ್ಲವೂ ಬೇರೆ ಬೇರೆಯಾಗಿ ನಿಲ್ಲುತ್ತವೆ. 'ಮಠ' ಎಂಬುದು 'ಮರ' ಆಗುವುದು ಹೀಗೆಯೇ, ಠಕಾರದ ಒಳಗಿನ ಚುಕ್ಕೆ ಕರಗಿದಾಗ.

ನಮ್ಮ ಬೆಲ್ಲದ ಲೇಬಲ್ಲಿನಲ್ಲಿ ಮಹಾಪ್ರಾಣವಿಲ್ಲ. ಎರಡು ಒತ್ತುಗಳಿವೆ: ಚ್ಚು, ಲ್ಲ. ಲಕಾರದ ಒತ್ತು ಅಗಲವಾಗಿ ಹರಡುವುದರಿಂದ ತೊಂದರೆಯಿಲ್ಲ. ಚಕಾರದ ಒತ್ತಿನ ಒಳಬಯಲು ಕಿರಿದು, ಅದರ ಮೇಲೆ ಕಣ್ಣಿಡಬೇಕು ಎಂದು ಹಾಳೆಯ ಮೇಲೆ ಗುರುತು ಹಾಕಿಕೊಂಡೆ.

ಹೆಜ್ಜೆ 2: ಯೂನಿಕೋಡಿನಲ್ಲಿ, ಸರಿಯಾಗಿ ಟೈಪ್ ಮಾಡಿ

ಬಾಲೂ ತಮ್ಮ ಯೂನಿಕೋಡ್ ಫಾಂಟ್, ಅಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪಿಕೊಂಡ ಒಂದೇ ಸಂಕೇತ ಕ್ರಮದಲ್ಲಿ ಟೈಪ್ ಮಾಡಿದ ಬರಹಕ್ಕೆ ಹೊಂದುವ ಫಾಂಟ್. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ತಂದು ಇದಕ್ಕೆ ಬದಲಾಯಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಕ ಬಳಸಿ ಯೂನಿಕೋಡಿಗೆ ತನ್ನಿ, ಅಥವಾ ಹೇಗೂ ನಾಲ್ಕೇ ಪದವಾದ್ದರಿಂದ ಹೊಸದಾಗಿ ಟೈಪ್ ಮಾಡಿ. ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶವನ್ನು ಇನ್ನೂ ಬಳಸುವ ಮುದ್ರಣಾಲಯಗಳಿವೆ. ಅದರಲ್ಲಿ ಯೂನಿಕೋಡ್ ನಡೆಯುವುದಿಲ್ಲ. ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆದು ಕಂಡರೆ ಆದ್ಯತೆಗಳ (ಪ್ರಿಫರೆನ್ಸಸ್) ಪಟ್ಟಿಯಲ್ಲಿ ಟೈಪ್ ವಿಭಾಗಕ್ಕೆ ಹೋಗಿ ಭಾರತೀಯ ಲಿಪಿಗಳಿಗೆ ಹೊಂದುವ ವರ್ಲ್ಡ್ ರೆಡಿ ವಿನ್ಯಾಸವನ್ನು ಆರಿಸಿಕೊಳ್ಳಿ. ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲೂ ಪ್ಯಾರಾಗ್ರಾಫ್ ಪಟ್ಟಿಯಲ್ಲಿ ಇಂಥದ್ದೇ ಆಯ್ಕೆ ಇದೆ. ದುಡ್ಡು ಖರ್ಚು ಮಾಡದೆ ಕೆಲಸವಾಗಬೇಕೆಂದರೆ ಇಂಕ್‌ಸ್ಕೇಪ್ ಕನ್ನಡವನ್ನು ಅಚ್ಚುಕಟ್ಟಾಗಿ ಜೋಡಿಸುತ್ತದೆ.

ಒಂದು ತಪ್ಪನ್ನು ದಯವಿಟ್ಟು ಗಮನಿಸಿ. ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತುವವರು ಬಹಳ ಮಂದಿ. ತೆಳು ಅಕ್ಷರದಲ್ಲಿ 'ಮ೦ಡ್ಯ' ಮತ್ತು 'ಮಂಡ್ಯ' ಒಂದೇ ರೀತಿ ಕಾಣಬಹುದು. ದಪ್ಪ ಅಕ್ಷರಕ್ಕೆ ಬಂದಾಗ ಅಂಕಿಯ ಸೊನ್ನೆಗೆ ತನ್ನದೇ ಅಳತೆ, ತನ್ನದೇ ಅಂತರ. ಅದು ಪಕ್ಕದ ಮಕಾರಕ್ಕೆ ಸೇರದೆ ಬೇರೆಯಾಗಿ ನಿಲ್ಲುತ್ತದೆ. ಅಂತರಜಾಲದಲ್ಲಿ ನಿಮ್ಮ ಅಂಗಡಿಯ ಹೆಸರನ್ನು ಹುಡುಕಿದವರಿಗೂ ಅದು ಸಿಗುವುದಿಲ್ಲ.

ಹೆಜ್ಜೆ 3: ಎತ್ತರ ಮೊದಲು, ದಪ್ಪ ಆಮೇಲೆ

ದೂರದಿಂದ ಕಾಣಬೇಕೆಂದು ದಪ್ಪ ಮಾಡಿಸುತ್ತಾರೆ. ಆದರೆ ದೂರದಿಂದ ಓದಿಸುವುದು ಎತ್ತರ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರು ಇಟ್ಟುಕೊಂಡಿರುವ ಸಾಮಾನ್ಯ ಲೆಕ್ಕ. ಇದು ಇಂಗ್ಲಿಷ್ ಅಕ್ಷರಗಳಿಂದ ಬಂದ ಲೆಕ್ಕ ಎಂಬುದನ್ನು ಮರೆಯಬಾರದು. ಇಂಗ್ಲಿಷಿಗೆ ಒತ್ತಕ್ಷರವಿಲ್ಲ. ನಮ್ಮಲ್ಲಿ ಅಳೆಯಬೇಕಾದದ್ದು ಒತ್ತು, ಕೊಂಬುಗಳನ್ನು ಬಿಟ್ಟು ಮೂಲ ಅಕ್ಷರದ ಎತ್ತರವನ್ನು ಮಾತ್ರ. ಪದದಲ್ಲಿ ಒತ್ತಕ್ಷರವಿದ್ದರೆ ಬಂದ ಅಳತೆಗೆ ಕಾಲು ಭಾಗ ಸೇರಿಸುವುದು ನನ್ನ ರೂಢಿ. ಏಕೆಂದರೆ ಒತ್ತು ಮೂಲಾಕ್ಷರಕ್ಕಿಂತ ಚಿಕ್ಕದು, ಓದುಗರು ಮೊದಲು ಕಳೆದುಕೊಳ್ಳುವುದು ಅದನ್ನೇ.

ರಸ್ತೆ ಬದಿಯ ಫಲಕವಾದರೆ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮದ್ದೂರಿನ ಬಳಿ ಸರ್ವಿಸ್ ರಸ್ತೆಯಲ್ಲಿ ಒಂದು ವಾಹನ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎನ್ನಿ. ಸೆಕೆಂಡಿಗೆ ಸುಮಾರು 11 ಮೀಟರ್. ಚಾಲಕನಿಗೆ ಓದಿ, ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಮೂರು ಸೆಕೆಂಡಾದರೂ ಬೇಕು. ಅಂದರೆ 33 ಮೀಟರ್, ಸುಮಾರು 110 ಅಡಿ ದೂರದಿಂದಲೇ ಓದಲು ಬರಬೇಕು. ಅಕ್ಷರದ ಎತ್ತರ 11 ಅಂಗುಲ. 'ಮದ್ದೂರು ವಡೆ' ಎಂದು ಬರೆಯುವುದಾದರೆ ದ್ದೂ ಇರುವುದರಿಂದ ಕಾಲು ಭಾಗ ಸೇರಿಸಿ ಸುಮಾರು 14 ಅಂಗುಲ. ಅದೇ ವಾಹನ 60 ಕಿಲೋಮೀಟರ್ ವೇಗದಲ್ಲಿ ಬಂದರೆ ಒತ್ತಿಲ್ಲದ ಪದಕ್ಕೇ 16 ಅಂಗುಲ ಬೇಕು, ಒತ್ತಿರುವ ಪದಕ್ಕೆ 20. ಫಲಕದ ಅಗಲ ಅಷ್ಟಿಲ್ಲದಿದ್ದರೆ ಪದ ಕಡಿಮೆ ಮಾಡಬೇಕು. ದಪ್ಪ ಹೆಚ್ಚಿಸಿ ಪ್ರಯೋಜನವಿಲ್ಲ.

ಎತ್ತರ ನಿಗದಿಯಾದ ಮೇಲೆ ಐದು ದಪ್ಪಗಳಲ್ಲಿ ಒಂದನ್ನು ಆರಿಸುವ ಕೆಲಸ. 800ನ್ನು ನಾನು ತೆಗೆಯುವುದು ಒತ್ತಿಲ್ಲದ, ಸೀಳಿಲ್ಲದ ಪದಗಳಿಗೆ. 'ನಾಟಿ ಕೋಳಿ ಸಾರು' ಎಂಬುದನ್ನು ನೋಡಿ. ಮೂರು ಪದ, ಒಂದೂ ಒತ್ತಿಲ್ಲ. ಈ ಅಕ್ಷರಕ್ಕೆಂದೇ ಹುಟ್ಟಿದಂತಿದೆ. ಒಂದೆರಡು ಒತ್ತಿದ್ದರೆ 700. ಮಹಾಪ್ರಾಣ, ಷಕಾರಗಳು ಸೇರಿದರೆ 600. ರಾತ್ರಿ ಒಳಗಿನಿಂದ ಬೆಳಗುವ ಫಲಕಕ್ಕೆ ಇನ್ನೂ ಒಂದು ಮೆಟ್ಟಿಲು ಇಳಿಯಬೇಕು. ಬೆಳಕು ಗೆರೆಯ ಅಂಚನ್ನು ದಾಟಿ ಹರಡುತ್ತದೆ, 600ರ ಅಕ್ಷರ ಕತ್ತಲಲ್ಲಿ 700ರಂತೆ ಕಾಣುತ್ತದೆ. ಹಗಲು ಚೆನ್ನಾಗಿ ಕಂಡ ಫಲಕ ರಾತ್ರಿ ಬೆಳಕಿನ ಮುದ್ದೆಯಾಗುವುದಕ್ಕೆ ಇದೇ ಕಾರಣ.

ಪರೀಕ್ಷಿಸಲು ಪರದೆಯನ್ನು ನಂಬಬೇಡಿ. ಲೇಬಲ್ ಆದರೆ ನಿಜವಾದ ಅಳತೆಯಲ್ಲೇ ಒಂದು ಹಾಳೆಯ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ. ಆ ಪದ ಏನೆಂದು ಮೊದಲೇ ಗೊತ್ತಿರುವ ನಿಮಗೆ ಅದು ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಗೊತ್ತಿಲ್ಲದ ಒಬ್ಬರನ್ನು ಕರೆದು ಓದಿಸಿ. ನಾನು ಪಕ್ಕದ ಟೀ ಅಂಗಡಿಯ ಯಜಮಾನರನ್ನು ಕರೆಯುತ್ತೇನೆ. ಅವರು ತಡವರಿಸಿದ ಕಡೆ ನಾನು ದಪ್ಪ ಇಳಿಸುತ್ತೇನೆ.

ಹೆಜ್ಜೆ 4: ಸಾಲಿಗೂ ಅಕ್ಷರಕ್ಕೂ ಉಸಿರಾಡಲು ಬಿಡಿ

ಎರಡು ಸಾಲು ಬರೆಯುವಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿನ ಹತ್ತಿರ ಇಟ್ಟುಕೊಂಡು ಆರಂಭಿಸಿ, ಬಡಿಯುವ ಒತ್ತು ಇಲ್ಲದಿದ್ದರೆ ಮಾತ್ರ ಕಡಿಮೆ ಮಾಡಿ. ಇಂಗ್ಲಿಷ್ ಪೋಸ್ಟರುಗಳಲ್ಲಿ ಸಾಲುಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸುವುದನ್ನು ನೋಡಿ ಕನ್ನಡದಲ್ಲೂ ಹಾಗೆ ಮಾಡಲು ಹೋಗುವವರಿದ್ದಾರೆ. ಅಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರಗಳೇ ಕಡಿಮೆ. ಅದು ನಮಗೆ ಹೊಂದುವುದಿಲ್ಲ.

ಅಕ್ಷರಗಳ ನಡುವಿನ ಅಂತರವನ್ನು ಫಾಂಟ್ ಮಾಡಿದವರೇ ನಿಗದಿ ಮಾಡಿರುತ್ತಾರೆ. ಲೇಬಲ್ ಚಿಕ್ಕದಾದರೆ ಒಂದೆಳೆ ಹೆಚ್ಚಿಸಬಹುದು. ಹೆಚ್ಚಿಸುವಾಗ ಮೂಲಾಕ್ಷರದಿಂದ ದೀರ್ಘವೋ ಒತ್ತೋ ದೂರ ಸರಿದು ಹೋಗದಂತೆ ನೋಡಿಕೊಳ್ಳಿ. ಕೆಲವು ತಂತ್ರಾಂಶಗಳು ಐತ್ವದ ಕೆಳಗಿನ ಚಿಹ್ನೆಯನ್ನೂ ಪ್ರತ್ಯೇಕ ಅಕ್ಷರವೆಂದು ತಿಳಿದು ದೂರ ತಳ್ಳುತ್ತವೆ. 'ಮೈಸೂರು' ಎಂದು ಬರೆದು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಇನ್ನು ಎರಡು ಕೆಲಸಗಳನ್ನು ಮಾಡಲೇಬೇಡಿ. ಮೊದಲನೆಯದು, 800ರ ಅಕ್ಷರವನ್ನು ಆರಿಸಿಕೊಂಡು ಮತ್ತೆ ತಂತ್ರಾಂಶದ ದಪ್ಪ ಮಾಡುವ ಗುಂಡಿ ಒತ್ತುವುದು. ಅದಕ್ಕಿಂತ ದಪ್ಪದ ವಿನ್ಯಾಸ ಫಾಂಟಿನಲ್ಲಿ ಇಲ್ಲ. ತಂತ್ರಾಂಶ ಗೆರೆಯ ಸುತ್ತ ಮಸಿ ಮೆತ್ತಿ ಬಯಲು ಮುಚ್ಚುತ್ತದೆ, ಅಷ್ಟೇ. ಎರಡನೆಯದು, ಅಕ್ಷರದ ಒಳಕ್ಕೂ ಹರಡುವ ಅಂಚು ಹಾಕುವುದು. ಅಂಚು ಬೇಕೇ ಬೇಕೆಂದರೆ ಅಕ್ಷರದ ಒಂದು ಪ್ರತಿಯನ್ನು ಹಿಂದೆ ಇಟ್ಟು ಆ ಪ್ರತಿಗೆ ಮಾತ್ರ ಅಂಚು ಹಾಕಿ, ಮೂಲ ಅಕ್ಷರವನ್ನು ಅದರ ಮೇಲೆ ಮುಟ್ಟದೆ ಇಡಿ. ನನ್ನ ಧನಸಹಾಯದ ಬ್ಯಾನರಿನಲ್ಲಿ ಆದ ತಪ್ಪು ಇದೇ.

ಹೆಜ್ಜೆ 5: ಜೊತೆಗೊಂದು ಸೌಮ್ಯ ಅಕ್ಷರ

ಹೆಸರು ಮಾತ್ರ ದುಂಡು ದಪ್ಪದಲ್ಲಿರಲಿ. ವಿಳಾಸ, ಸಮಯ, ತೂಕ, ಬೆಲೆ, ತಯಾರಿಸಿದ ದಿನಾಂಕ ಇವೆಲ್ಲ ನೋಟೋ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದಂಥ ಅಕ್ಷರದಲ್ಲಿ ಇರಲಿ. ಅನೇಕ್ ಕೂಡ ಏಕ್ ಟೈಪ್ ತಂಡದವರದೇ. ಅದರಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಹೊಂದಿಸಬಹುದಾದ್ದರಿಂದ ಕಿರಿದಾದ ಲೇಬಲ್ಲಿಗೆ ಬಹಳ ಅನುಕೂಲ. ಬಾಲೂ ತಮ್ಮನ 400ರ ದಪ್ಪವನ್ನೇ ಚಿಕ್ಕ ಬರಹಕ್ಕೂ ಬಳಸಬಹುದಲ್ಲ ಎಂದು ಕೇಳುತ್ತಾರೆ. ಎರಡು ಸಾಲಿಗೆ ಪರವಾಗಿಲ್ಲ, ಒಂದು ಪುಟಕ್ಕೆ ಬೇಡ.

ಫಲಕದಲ್ಲಿ ಇಂಗ್ಲಿಷೂ ಇರುವುದಾದರೆ 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಂತೆ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಬಾಲೂ ತಮ್ಮದಲ್ಲಿ ಅದೇ ಮೈಕಟ್ಟಿನ ಇಂಗ್ಲಿಷ್ ಅಕ್ಷರಗಳೂ ಇವೆ, ಹುಡುಕಾಡಬೇಕಾಗಿಲ್ಲ. ಒಂದೇ ಅಳತೆ ಕೊಟ್ಟರೂ ಇಂಗ್ಲಿಷಿನ ದೊಡ್ಡಕ್ಷರಗಳು ಎದ್ದು ಕಾಣುವುದರಿಂದ ಅವುಗಳಿಗೆ ಒಂದು ಮೆಟ್ಟಿಲು ಕಡಿಮೆ ದಪ್ಪ ಕೊಡಿ.

ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ

ಈ ಅಕ್ಷರದ ಸ್ವಭಾವ ಕೈಬೀಸಿ ಕರೆಯುವುದು. ತಿಂಡಿ, ಹಣ್ಣಿನ ರಸ, ಐಸ್‌ಕ್ರೀಮ್, ಬೇಕರಿ, ಆಟಿಕೆ, ಅಂಗನವಾಡಿ, ಮಕ್ಕಳ ಪುಸ್ತಕದ ಮುಖಪುಟ, ದಸರಾ ವಸ್ತುಪ್ರದರ್ಶನದ ಮಳಿಗೆ, ಇಂಥ ಕಡೆ ಅದು ಮನೆಯವನಂತೆ ಹೊಂದಿಕೊಳ್ಳುತ್ತದೆ. ಯೂಟ್ಯೂಬ್ ವಿಡಿಯೊದ ಮೇಲಿನ ಚಿತ್ರಕ್ಕೆ ಎರಡು ಪದ ಬರೆಯಲು ಇದಕ್ಕಿಂತ ಒಳ್ಳೆಯದು ಕಡಿಮೆ. ಮೊಬೈಲಿನಲ್ಲಿ ಆ ಚಿತ್ರ ಹೆಬ್ಬೆರಳಿನಷ್ಟೇ ಕಾಣುವುದರಿಂದ ಅಲ್ಲಿಯೂ ಒತ್ತಿಲ್ಲದ ಪದವನ್ನೇ ಹುಡುಕಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಪೋಸ್ಟರುಗಳು ಏಳುತ್ತವೆ. ಅಲ್ಲಿ 'ಕಬಡ್ಡಿ' ಎಂಬ ಒಂದೇ ಪದವನ್ನು ದುಂಡು ದಪ್ಪದಲ್ಲಿ ಅರ್ಧ ಹಾಳೆ ತುಂಬಿಸಿ, ಉಳಿದದ್ದನ್ನೆಲ್ಲ ಸಾಮಾನ್ಯ ಅಕ್ಷರದಲ್ಲಿ ಇಟ್ಟರೆ ಪೋಸ್ಟರಿಗೆ ಬರುವ ಕಳೆಯೇ ಬೇರೆ. ಮೈಕೈ ತುಂಬಿಕೊಂಡ ಆಟಕ್ಕೆ ಮೈಕೈ ತುಂಬಿದ ಅಕ್ಷರ.

ಗೋಡೆ ಬರಹಕ್ಕೂ ಇದು ಒಳ್ಳೆಯದು. ಗೆರೆಯ ದಪ್ಪ ಹೆಚ್ಚು ಏರಿಳಿಯದ ಕಾರಣ ಒಂದೇ ಕುಂಚದಲ್ಲಿ ಎಳೆಯಬಹುದು, ಒರಟು ಗಾರೆಯ ಮೇಲೂ ಚೂಪು ಮೂಲೆ ತಿದ್ದುವ ಕಷ್ಟವಿಲ್ಲ. ಅಂಟಿಸುವ ವಿನೈಲ್ ಅಕ್ಷರಗಳಲ್ಲಿ ಮೊದಲು ಏಳುವುದು ಚೂಪು ಮೂಲೆ. ದುಂಡು ತುದಿ ಬಿಸಿಲು ಮಳೆಗೆ ಹೆಚ್ಚು ಕಾಲ ಅಂಟಿಕೊಂಡಿರುತ್ತದೆ. ಒಳಗೆ ಎಲ್‌ಇಡಿ ಕೂರಿಸುವ ಅಕ್ಷರಗಳಿಗೆ ಗೆರೆಯ ಅಗಲ ಒಂದೇ ಸಮನಾಗಿರುವುದರಿಂದ ಬೆಳಕೂ ಸಮವಾಗಿ ಬರುತ್ತದೆ. ಆದರೆ ಒತ್ತಕ್ಷರದ ಒಳಗೂ ದೀಪದ ಸಾಲು ಕೂರುವಷ್ಟು ಅಗಲವಿದೆಯೇ ಎಂದು ಮಾಡುವವರನ್ನು ಮೊದಲೇ ಕೇಳಿ. ಇಲ್ಲದಿದ್ದರೆ ಮೂಲಾಕ್ಷರ ಬೆಳಗಿ ಒತ್ತು ಕತ್ತಲಾಗಿ, 'ಬೆಲ್ಲ' ಹೋಗಿ 'ಬೆಲ' ಉಳಿಯುತ್ತದೆ.

ಒಪ್ಪದ ಜಾಗಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ನೋವು ಕೊಡುವುದು ಶ್ರದ್ಧಾಂಜಲಿಯ ಫ್ಲೆಕ್ಸ್. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಸಂಜೆಯೊಳಗೆ ವೃತ್ತದಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ಅವಸರದಲ್ಲಿ ಹಿಂದಿನ ದಿನದ ಹುಟ್ಟುಹಬ್ಬದ ಫ್ಲೆಕ್ಸಿನ ಕಡತವನ್ನೇ ತೆರೆದು, ಹೆಸರು ಚಿತ್ರ ಬದಲಿಸಿ, ಅದೇ ದುಂಡು ದಪ್ಪ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಹಾಕಿಬಿಡುತ್ತಾರೆ. ನಗುವ ಅಕ್ಷರದಲ್ಲಿ ಸಾವಿನ ಸುದ್ದಿ. ಓದಿದವರಿಗೆ ಏಕೆಂದು ಹೇಳಲು ಬಾರದಿದ್ದರೂ ಎಲ್ಲೋ ಚುಚ್ಚುತ್ತದೆ. ಆ ಎರಡು ಪದಗಳಲ್ಲಿ ಭ, ಅರ್ಕಾವತ್ತು, ಶ್ರ, ದ್ಧ ಎಲ್ಲವೂ ಇರುವುದರಿಂದ ಓದಲೂ ಕಷ್ಟ. ಅಂಥ ಕಡೆಗೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡದಂಥ, ಗೆರೆಯಲ್ಲಿ ಏರಿಳಿತವಿರುವ ಗಂಭೀರ ಅಕ್ಷರ ತೆಗೆದಿಡಿ. ನಿಮ್ಮಲ್ಲಿ ಫ್ಲೆಕ್ಸ್ ಮಾಡುವ ಕೆಲಸವಿದ್ದರೆ ಇಂದೇ ಅದಕ್ಕೊಂದು ಪ್ರತ್ಯೇಕ ಕಡತ ಮಾಡಿಡಿ, ಅವಸರದ ದಿನ ಕೈಗೆ ಸಿಗುತ್ತದೆ.

ಲಗ್ನಪತ್ರಿಕೆ, ದೇವಸ್ಥಾನದ ಆಹ್ವಾನ, ನ್ಯಾಯಾಲಯದ ಪ್ರಕಟಣೆ, ಔಷಧದ ಸೂಚನೆ, ಅಪಾಯದ ಎಚ್ಚರಿಕೆ ಇವುಗಳಿಗೂ ಇದು ಬೇಡ. 'ವಿದ್ಯುತ್ ಅಪಾಯ' ಎಂದು ದುಂಡು ದಪ್ಪದಲ್ಲಿ ಬರೆದರೆ ಮಕ್ಕಳು ಹತ್ತಿರ ಹೋಗುತ್ತಾರೆ.

ಕಡತ ಕೊಡುವ ಮುನ್ನ

ಮುದ್ರಣಾಲಯದ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಬೇಕೆಂದಿಲ್ಲ. ಆದ್ದರಿಂದ ಅಕ್ಷರಗಳನ್ನು ಕರ್ವ್ ಆಗಿ, ಅಂದರೆ ಫಾಂಟಿನ ಹಂಗಿಲ್ಲದ ಬರಿಯ ಆಕಾರಗಳಾಗಿ ಪರಿವರ್ತಿಸಿ ಪಿಡಿಎಫ್ ಮಾಡಿ ಕೊಡಿ. ಪರಿವರ್ತಿಸುವ ಮೊದಲು ತಿದ್ದಬಹುದಾದ 'ಮೂಲ' ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಒಮ್ಮೆ ಕರ್ವ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ. ಪರಿವರ್ತಿಸಿದ ಮೇಲೆ ಪ್ರತಿಯೊಂದು ಒತ್ತನ್ನೂ ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ. ಕೆಲವೊಮ್ಮೆ ಎರಡು ಗೆರೆ ಒಂದರ ಮೇಲೊಂದು ಹಾಯುವ ಕಡೆ ಬಿಳಿ ತೂತು ಬೀಳುತ್ತದೆ, ಆ ಆಕಾರಗಳನ್ನು ಒಂದಾಗಿಸಿದರೆ ಸರಿಯಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳುಹಿಸಬೇಡಿ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಚಿತ್ರವಾಗಿ ಹೋದರೆ ಅಂಚುಗಳು ಮಸುಕಾಗಿ, ಉಳಿಸಿಕೊಂಡ ಬಯಲೆಲ್ಲ ಮತ್ತೆ ಮುಚ್ಚುತ್ತದೆ. ಬಣ್ಣದ ವಿಷಯಕ್ಕೆ ಒಂದೇ ಮಾತು: ವಿನ್ಯಾಸವನ್ನು ಒಮ್ಮೆ ಕಪ್ಪು ಬಿಳುಪಿನಲ್ಲಿ ಮುದ್ರಿಸಿ ನೋಡಿ. ಅಲ್ಲಿ ಓದಲು ಬರದ ಅಕ್ಷರ ಬಣ್ಣ ಹಾಕಿದ ಮೇಲೂ ಬರುವುದಿಲ್ಲ. ಕೆಂಪಿನ ಮೇಲೆ ಹಸಿರು ಹಾಕಿ ಸೋತವರನ್ನು ಬಹಳ ನೋಡಿದ್ದೇನೆ.

ಬೆಲ್ಲದ ಲೇಬಲ್ ಹೀಗೆ ಮುಗಿಯಿತು. 'ಅಚ್ಚು ಬೆಲ್ಲ' ಎರಡು ಸಾಲಿನಲ್ಲಿ, 700ರ ದಪ್ಪದಲ್ಲಿ, ಬೆಲ್ಲದ ಕಂದು ಬಣ್ಣ ತಿಳಿ ಹಳದಿಯ ಮೇಲೆ. ತೂಕ, ಬೆಲೆ, ಊರು ಕೆಳಗೆ ಅನೇಕ್ ಕನ್ನಡದಲ್ಲಿ. ವ್ಯಾಪಾರಿಗೆ 800 ಬೇಕಿತ್ತು. ಎರಡನ್ನೂ ಮುದ್ರಿಸಿ ಎರಡು ಪೆಟ್ಟಿಗೆಗಳಿಗೆ ಅಂಟಿಸಿ, ಮಂಡಿಯಲ್ಲಿ ರಸ್ತೆಯ ಆಚೆ ಬದಿಗೆ ಅವರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಆ ಎಡಗಡೇದು" ಎಂದರು. ಎಡಗಡೆಯದು 700. ಚಕಾರದ ಒತ್ತು ಮಾತ್ರ ಇನ್ನೂ ಸ್ವಲ್ಪ ಬಿಗಿಯಾಗಿ ಕಾಣುತ್ತಿತ್ತು. ಮರಳಿ ಬಂದು ಅದರ ಒಳಬಯಲನ್ನು ಕೂದಲೆಳೆಯಷ್ಟು ಹಿಗ್ಗಿಸಿ, ಕಡತವನ್ನು ಮುದ್ರಣಕ್ಕೆ ಕಳುಹಿಸಿದೆ.